ಅಪ್ಪನ ಕಂಬಳಿ

ಯೆಣೆಗೂರಿನ ಧಾಬಾ ಕೆಲಸದಿಂದ ಮರಳಿ ಬಂದ ಮೇಲೆ ನನ್ನ ತಮ್ಮ ಸಿದ್ಧಾರೂಢ ಅಪ್ಪನ ಕಂಬಳಿಯೊಳಗೆ ಮಲಗುವುದನ್ನು ಬಿಟ್ಟ. ಚಳಿಯಲ್ಲೂ ಕುರಿಗಳ ನಡುವೆ ಮುದುಡಿ ಕೂತಿರುತ್ತಿದ್ದ.

“ಧಾಬಾದ ಸೊಕ್ಕು ನೋಡು. ನಮ್ಮ ಕಂಬಳಿ ನಾತ ಹೊಡಿತದಂತ ನವಾಬಗ,” ಎಂದು ಅಪ್ಪ ನಗುತ್ತಿದ್ದ.

ನಾನು ನಗಲಿಲ್ಲ. ಗಂಡಸರು ಯಾರೇ ಹಿಂದಿನಿಂದ ಬಂದರೂ ತಮ್ಮನ ಮೈ ಕಲ್ಲಾಗುವುದನ್ನು ನೋಡುತ್ತಿದ್ದೆ.

ಒಂದು ದಿನ ಧಾಬಾದ ಮಾಲಕ ಅವನನ್ನು ಕರೆಯಲು ಫೋನ್ ಮಾಡಿದ. “ನಾಳಿ ಕೆಲಸಕ್ಕ ಹೋಗೋ,” ಎಂದ ಅಪ್ಪ. ತಮ್ಮ ಎದ್ದು ಹಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿದ. ನೀರು ಕೊಟ್ಟು, ಸ್ವಲ್ಪ ದೂರ ಕೂತೆ.

“ಮಾಲಕ ಏನರೆ ಮಾಡ್ಯಾನೇನೋ?”

ನೀರಿನ ಚೊಂಬು ಕೆಳಗಿಟ್ಟು ಅಂದ, “ಮಲಗಿದಾಗ ಬರತಿದ್ದ ಅಕ್ಕಾ. ಗಂಡುಹುಡುಗರಿಗೂ ಹಿಂಗ ಮಾಡತಾರೇನು?”

“ಮಾಡತಾರೋ. ತಪ್ಪು ಅವರದು, ನಿಂದಲ್ಲ. ಅಪ್ಪಗ ಹೇಳಲೇನು?”

ಹ್ಞೂಂ ಎಂದು ತಲೆಯಾಡಿಸಿದ.

ಅಪ್ಪನ ಎದುರು ನಾನು ಎಂದೂ ಬಾಯಿ ಬಿಟ್ಟವಳಲ್ಲ. ಆ ದಿನ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ದಣಿದುಹೋದೆ.

“ನಾ ನಕ್ಕೆನಲ್ಲ,” ಎಂದ ಅಪ್ಪ. “ಅಂವಾ ಅಲ್ಲಿಗಿ ಹೋಗೂದು ಬ್ಯಾಡ. ಉಮರಗಾ ಪೊಲೀಸ್ ಠಾಣೆಕ ನಾನೇ ಹೋಗತೀನಿ.”

ಸಂಜೆ ತನ್ನ ಕಂಬಳಿಯನ್ನು ತಮ್ಮನ ಹತ್ತಿರ ಇಟ್ಟು, ಗೋಣಿಚೀಲ ಹೊದ್ದುಕೊಂಡು ಹಟ್ಟಿಯ ಆಚೆ ತುದಿಗೆ ಹೋಗಿ ಮಲಗಿದ.