ಪೇಟಿಯ ಹೊಟ್ಟೆಕಿಚ್ಚು

ನಾನು ಒಂದು ಹಾರ್ಮೋನಿಯಂ. ನಮ್ಮ ಗದಗಿನ ಕಡೆ ನನ್ನನ್ನು ಪೇಟಿ ಎನ್ನುತ್ತಾರೆ. ಸಾಗವಾನಿ ಹಲಗೆಯೊಳಗೆ ಹಿತ್ತಾಳೆಯ ಸ್ವರಪಟ್ಟಿಗಳನ್ನು ಕೂರಿಸಿ, ಮೊದಲ ಸಲ ಗಾಳಿ ತುಂಬಿದ ದಿನ ನಾನು ಹುಟ್ಟಿದೆ. ಕೆಲವು ಕಾಲ ಒಬ್ಬ ನಾಟಕದ ಮಾಸ್ತರರ ಬಳಿ ಇದ್ದೆ. ಅವರಿಗೆ ಬೆರಳು ನಡುಗತೊಡಗಿದಾಗ ನನ್ನನ್ನು ಶಿಷ್ಯೆ ಇಂದುಮತಿ ಹೂಗಾರಳಿಗೆ ಕೊಟ್ಟರು.

ಇಂದುಮತಿ ಮನೆಯಲ್ಲೇ ಜಂಪರ್ ಹೊಲಿಯುತ್ತಿದ್ದಳು. ಮಧ್ಯಾಹ್ನ ಮಶಿನ್ ನಿಲ್ಲಿಸಿ, ನನ್ನ ಮುಂದೆ ಕೂತು ಹೊಸ ಹೊಸ ಧಾಟಿ ಕಟ್ಟುತ್ತಿದ್ದಳು. ಅವನ್ನು ಕೇಳುತ್ತಿದ್ದುದು ನಾನೊಬ್ಬನೇ. ಅದೇ ನನ್ನ ಸುಖ.

ಒಂದು ದಿನ ದಸ್ತಗೀರ ಹೆಂಡತಿಯ ಜಂಪರ್ ಒಯ್ಯಲು ಬಂದ. ಆರ್ಕೆಸ್ಟ್ರಾಗಳಿಗೆ ಕಾರ್ಯಕ್ರಮ ಗೊತ್ತು ಮಾಡಿಕೊಡುತ್ತಿದ್ದವನು. ಹಾಡು ಮುಗಿಯುವವರೆಗೂ ಬಾಗಿಲಲ್ಲೇ ನಿಂತ.

"ಅಕ್ಕಾರ, ಇವು ಮನ್ಯಾಗ ಇಟ್ಕೊಳ್ಳೋ ಹಾಡಲ್ರಿ. ನಾ ನಿಮ್ಮ ಮ್ಯಾನೇಜರ್ ಆಗ್ತೀನಿ. ಓಡಾಟ ನಂದು, ನೀವು ಧಾಟಿ ಕಟ್ರಿ."

ಧಾಟಿಗಳನ್ನು ರೆಕಾರ್ಡ್ ಮಾಡಿಸಲು ಅವಳನ್ನು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕರೆದೊಯ್ದ. "ಪೇಟಿ ಬ್ಯಾಡ್ರಿ, ಅಲ್ಲಿ ಕೀಬೋರ್ಡ್ ಐತಿ" ಎಂದ. ಆ ಮಾತಿಗೆ ನನ್ನ ಒಳಗೆಲ್ಲ ಉರಿದುಹೋಯಿತು.

ಆ ರೆಕಾರ್ಡಿಂಗ್ ಕೇಳಿದ ಸಿನಿಮಾದವರೊಬ್ಬರಿಗೆ ಅವಳ ಒಂದು ಧಾಟಿ ಹಿಡಿಸಿತು. ಆದರೆ ಅವರು ಮನೆಗೆ ತಂದ ಕರಾರುಪತ್ರದಲ್ಲಿ ಸಂಗೀತ ಎಂಬಲ್ಲಿ ಬೇರೆಯವರ ಹೆಸರಿತ್ತು. ಇಂದುಮತಿ ಪೆನ್ನು ಎತ್ತಿದಳು.

"ಹೋಗ್ಲಿ ಬಿಡು, ಹಾಡಾದ್ರೂ ಹೊರಗ ಬರ್ತೈತಲ್ಲ."

ದಸ್ತಗೀರ ಕಾಗದ ಎಳೆದುಕೊಂಡ. "ನಿಮ್ಮ ಹೆಸರಿಲ್ದ ಕೊಡೂದಿಲ್ರಿ."

ಬಂದವರು ಎದ್ದು ಹೋದರು. "ಬಂದದ್ದನ್ನ ನೀನ ಕೆಡಿಸಿದಿ. ಇನ್ನ ಈ ಮನಿಗೆ ಬರಬ್ಯಾಡ" ಎಂದು ಅವಳು ಅತ್ತಳು. ನನಗೋ ಹಬ್ಬ. ಮತ್ತೆ ದಿನವೂ ನನ್ನ ಮುಂದೆ ಕೂತಳು. ಆದರೆ ಕೈ ತಪ್ಪಿಹೋದ ಆ ಧಾಟಿಯನ್ನೇ ನುಡಿಸುತ್ತಿದ್ದಳು, ಹೊಸದೊಂದೂ ಹುಟ್ಟಲಿಲ್ಲ. ಅವಳು ಸೊರಗುತ್ತಿರುವುದು ಕಂಡರೂ ಅವನು ಬರದಿದ್ದರೆ ಸಾಕು ಎಂದುಕೊಂಡೆ.

ತಿಂಗಳಾದ ಮೇಲೆ ಅವನು ಹೊಸ ಕಾಗದ ಹಿಡಿದು ಹೊಸ್ತಿಲಾಚೆ ನಿಂತಿದ್ದ. ಸಿನಿಮಾದವರಿಗೆ ಬೇರೆ ಯಾವ ಧಾಟಿಯೂ ಒಗ್ಗಿರಲಿಲ್ಲವಂತೆ. ಇವನು ಬಿಡದೆ ನಾಲ್ಕು ಸಲ ಅವರಲ್ಲಿಗೆ ಹೋಗಿದ್ದನಂತೆ.

"ಒಳಗ ಬರ್ಲ್ಯಾ, ಅಕ್ಕಾರ?"

ಅವಳು ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು: "ಸಂಗೀತ, ಇಂದುಮತಿ ಹೂಗಾರ." ಇನ್ನೊಮ್ಮೆ ಓದಿದಳು. ಮರುದಿನವೇ ಹೊಸ ಧಾಟಿ ಹುಟ್ಟಿತು. ನನ್ನ ಮುಚ್ಚಳ ತೆರೆಯದೆ, ಅದನ್ನು ಫೋನಿನಲ್ಲಿ ಅವನಿಗೆ ಗುನುಗಿದಳು.

ಈಗ ನನಗೆ ಗಾಳಿ ತುಂಬುವ ತಿದಿ ಹರಿದಿದೆ. ಕಪಾಟಿನ ಪಕ್ಕ, ಒಂದು ಹಳೆಯ ಶಾಲಿನಡಿ ಕೂತಿದ್ದೇನೆ. ಅವಳ ಹಾಡುಗಳು ನನ್ನವಾಗಿಯೇ ಉಳಿಯಲಿ ಎಂದು ನಾನು ಬಯಸಿದೆ. ಅವು ಅವಳವೆಂದು ಊರಿಗೆಲ್ಲ ತಿಳಿಯಲಿ ಎಂದು ಅವನು ಓಡಾಡಿದ. ಇದೆಲ್ಲ ನನಗೆ ಗೊತ್ತು. ಆದರೂ ಅಂಗಳದಲ್ಲಿ ಅವನ ಸ್ಕೂಟರ್ ನಿಂತರೆ, ಇವತ್ತಿಗೂ ನನಗೆ ಸೇರುವುದಿಲ್ಲ.