ನೀಲಕ್ಕನ ಬಲಗೈ

ನಾನು ಒಂದು ಶಿಕ್ಕಾ. ಕೆಲವರು ಮೊಹರು ಎನ್ನುತ್ತಾರೆ, ಕೆಲವರು ಸ್ಟ್ಯಾಂಪು ಎನ್ನುತ್ತಾರೆ. ಏನೇ ಅನ್ನಲಿ, ಚಕ್ರವರ್ತಿಗಳ ಕುಲ ನಮ್ಮದು. ನಾವು ಒತ್ತದೆ ಈ ದೇಶದಲ್ಲಿ ಹುಟ್ಟಿದವನು ಹುಟ್ಟಿದಂತಲ್ಲ, ಸತ್ತವನು ಸತ್ತಂತಲ್ಲ. ಬಾಗಲಕೋಟೆಯ ಖಾಜಾಸಾಬರ ಡಬ್ಬಿ ಅಂಗಡಿಯಲ್ಲಿ ನಾನು ಹುಟ್ಟಿದ ದಿನ, ಅಕ್ಷರ ಮೂಡಿಸಲೆಂದು ಯಂತ್ರ ನನ್ನ ಮೈಮೇಲೆ ಬಿಟ್ಟ ಬೆಳಕಿಗೆ ಅರ್ಧ ಊರಿನ ಕರೆಂಟು ಹೋಯಿತು. ಪಕ್ಕದ ತಟ್ಟೆಯಲ್ಲಿದ್ದ ಸರಕಾರಿ ಮೊಹರುಗಳು ನನ್ನನ್ನು ಕಂಡು ನಾಚಿ ಮುಖ ತಿರುಗಿಸಿದವು. ಅವುಗಳ ಅಕ್ಷರ ಅಚ್ಚಿನದು. ನನ್ನದೋ, ಜೀವಂತ ಹೆಣ್ಣುಮಗಳೊಬ್ಬಳ ಸ್ವಂತ ಕೈಬರಹ.

‘ಇದನ್ನ ನಾನs ನನ್ನ ಕೈಯಾರೆ ಮಾಡೀನಿ. ಹೊಟ್ಟಿ ತುಂಬ ಉಣ್ರಿ. — ನೀಲಕ್ಕ.’

ನನಗೆ ಬರುವುದು ಇಷ್ಟೇ ಮಾತು. ಆದರೆ ಇಷ್ಟೇ ಮಾತಿನಿಂದ ನಾನು ಕಾಶ್ಮೀರದಿಂದ ದುಬೈವರೆಗೆ ಜನರ ಕಣ್ಣಲ್ಲಿ ನೀರು ತರಿಸಿದ್ದೇನೆ.

“ನೋಡ್ರಿ ನೀಲಕ್ಕಾ,” ಎಂದು ಖಾಜಾಸಾಬರು ನನ್ನನ್ನು ಕಾಗದಕ್ಕೆ ಒತ್ತಿ ತೋರಿಸಿದರು, “ಕೂದಲೆಳಿಯಷ್ಟೂ ಫರಕ ಇಲ್ಲ. ನಿಮ್ಮ ಬಲಗೈನs ಕಡದು ಕಟಗಿಗೆ ಹಚ್ಚೀನಿ!”

“ಕಡದ್ರ ಕಡೀರಿ ಸಾಬರs, ಆ ಕೈಗೂ ಸಾಕಾಗಿ ಹೋಗೇತಿ,” ಎಂದು ನೀಲಕ್ಕ ನಕ್ಕಳು.

ನೀಲಾಂಬಿಕಾ ಅವಳ ಪೂರ್ಣ ಹೆಸರು. ಗಂಡ ತೀರಿಕೊಂಡ ಮೇಲೆ ನವನಗರದ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದಳು. ಪ್ರತಿ ಪೊಟ್ಟಣದಲ್ಲಿ ಸ್ವಂತ ಕೈಯಿಂದ ಬರೆದ ಒಂದು ಚೀಟಿ ಇಡುತ್ತಿದ್ದಳು. ಜನ ರೊಟ್ಟಿಗಿಂತ ಚೀಟಿಗೇ ಮನಸೋತರು. ರೊಟ್ಟಿ ಬಡಿದ ಕೈಯೇ ಚೀಟಿ ಬರೆದೂ ಬರೆದೂ ಬಾತುಹೋಯಿತು. ಧಾರವಾಡದ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದ ಮಗಳು ದಾನಿಗೆ ‘ಪ್ರತಿ ಐತಾರ ಬರ್ತೀನಿ’ ಎಂದು ಕೊಟ್ಟ ಮಾತು ಹಾಗೇ ಉಳಿಯಿತು, ಭಾನುವಾರಗಳೆಲ್ಲ ಚೀಟಿಗೇ ಹೋದವು.

ಆಗ ಮೊಬೈಲಿನಲ್ಲಿ ವ್ಯಾಪಾರದ ಪಾಠ ಹೇಳುವ ಕೋಟು ತೊಟ್ಟ ಮನುಷ್ಯನೊಬ್ಬ ಹೇಳಿದ: “ನೀವು ಮಾತ್ರ ಮಾಡಬಹುದಾದ ಕೆಲಸ ಇಟ್ಟುಕೊಳ್ಳಿ, ಉಳಿದದ್ದನ್ನು ಬೇರೆಯವರಿಗೆ ಹಂಚಿ. ಸಮಯ ತಾನಾಗಿ ಉಳಿಯುತ್ತದೆ.” ನೀಲಕ್ಕ ಮೊದಲು ಹಂಚಿದ್ದು ಚೀಟಿಯ ಕೆಲಸವನ್ನು. ಹಂಚಿಸಿಕೊಂಡ ಮಹಾಶಯ ನಾನೇ.

ನಾನು ಬಂದ ಮೊದಲ ಐತಾರ ಅವಳು ಧಾರವಾಡಕ್ಕೆ ಹೋದಳು. ಮಗಳ ತಲೆ ಬಾಚಿ, ಊಟ ಮಾಡಿಸಿ, ಸಂಜೆಯ ಬಸ್ಸಿಗೆ ತಿರುಗಿ ಬಂದು, ಹಾಡು ಗುನುಗುತ್ತ ನನ್ನನ್ನು ಒರೆಸಿ ಇಟ್ಟಳು. ಆ ಐತಾರವನ್ನು ಹೆತ್ತವನು ನಾನೇ ಎಂದು ಮಸಿಪ್ಯಾಡಿನ ಮುಂದೆ ತಿಂಗಳುಗಟ್ಟಲೆ ಜಂಬ ಕೊಚ್ಚಿದ್ದೇನೆ. ಅಂಥ ಐತಾರ ಮತ್ತೊಂದು ಬರಲಿಲ್ಲವೆಂಬುದನ್ನು ಮಾತ್ರ ಹೇಳಿರಲಿಲ್ಲ.

ಬಿಡುವು ಎಂಬುದು ಬೇಲಿಯಿಲ್ಲದ ಹೊಲ. ಖಾಲಿ ಕಂಡೊಡನೆ ದನ ನುಗ್ಗುತ್ತವೆ. ಉಳಿದ ಒಂದು ತಾಸಿಗೆ ನೂರು ಆರ್ಡರು ನುಗ್ಗಿದವು. ನೀಲಕ್ಕ ರೊಟ್ಟಿ ಬಡಿಯುವುದನ್ನು ಹತ್ತು ಮನೆಗೆ ಹಂಚಿದಳು. ಪೊಟ್ಟಣ ಕಟ್ಟುವುದು, ಗಿರಾಕಿಗಳ ಫೋನು, ಅವರು ಬರೆದದ್ದಕ್ಕೆ ಉತ್ತರ, ಎಲ್ಲವನ್ನೂ ನವನಗರದಲ್ಲೇ ಇನ್ನೊಂದು ಸೆಕ್ಟರಿನ ಕಸ್ತೂರಿ ಎಂಬಾಕೆಗೆ ವಹಿಸಿದಳು. ನನ್ನನ್ನೂ ಅಲ್ಲಿಗೇ ಕಳಿಸಿದಳು. ನೀಲಕ್ಕನ ಕೈ ತಾಕದ ರೊಟ್ಟಿಯ ಮೇಲೆ, ನೀಲಕ್ಕ ಕಾಣದ ಮನೆಯಲ್ಲಿ ಕೂತು, ‘ನಾನs ನನ್ನ ಕೈಯಾರೆ ಮಾಡೀನಿ’ ಎಂದು ದಿನಕ್ಕೆ ಇನ್ನೂರು ಸಲ ಆಣೆ ಮಾಡಿದೆ. ನಾಲಿಗೆ ಒಮ್ಮೆಯೂ ತೊದಲಲಿಲ್ಲ. ರಬ್ಬರಿನ ನಾಲಿಗೆ ನೋಡಿ.

ನೀಲಕ್ಕನಿಗೋ, ಕೆಲಸ ಹಂಚಿಕೊಂಡವರನ್ನು ಕಾಯುವುದೇ ಹೊಸ ಕೆಲಸವಾಯಿತು. ಇಲ್ಲಿ ರೊಟ್ಟಿ ಮೆತ್ತಗೆ, ಅಲ್ಲಿ ಚಟ್ನಿಗೆ ಉಪ್ಪು ಹೆಚ್ಚು. ಕಸ್ತೂರಿಯ ಮನೆಗೆ ಬಂದಾಗಲೂ ಕಿವಿಗೆ ಮೊಬೈಲು ಅಂಟಿರುತ್ತಿತ್ತು. ದಾನಿಯ ಫೋನು ಬಂದರೆ, “ಆಮ್ಯಾಲ ಮಾಡ್ತೀನಿ ನನ್ನವ್ವಾ” ಎಂದು ಇಟ್ಟುಬಿಡುತ್ತಿದ್ದಳು.

ಒಂದು ಗುರುವಾರ ಕಸ್ತೂರಿ ಆರ್ಡರುಗಳ ಹಾಳೆ ತೆಗೆದು ನನ್ನನ್ನು ಅದರ ಮೇಲಿಟ್ಟಳು. ಶೇಂಗಾ ಚಟ್ನಿ ಒಂದು, ರೊಟ್ಟಿ ಒಂದು, ದಾನೇಶ್ವರಿ, ಧಾರವಾಡ. ಗಿರಾಕಿಗಳು ‘ಖಾರ ಕಡಿಮೆ ಇರಲಿ’ ಎಂದು ಬರೆಯುವ ಜಾಗದಲ್ಲಿ ಹೀಗಿತ್ತು:

‘ಯವ್ವಾ, ಹತ್ತು ದಿನಾ ಆತು, ಜ್ವರಾ ಬಿಡವಲ್ದು. ತೆಲಿ ಸಿಡೀತೈತಿ. ಫೋನ್ ಹಚ್ಚಿದ್ರ ಆಮ್ಯಾಲ ಅಂತಿ. ಗಿರಾಕಿಗೋಳ್ಗಾದ್ರೂ ನೀ ಕೈಲೆ ಬರದು ಕಳಸ್ತಿ, ಅದಕ್ಕs ಆರ್ಡರ್ ಮಾಡೀನಿ. ಬಾ. ಬರಾಕ ಆಗದಿದ್ರ ಎರಡು ಸಾಲು ಬರಿ.’

ಜಗತ್ತಿನ ಯಾವ ಮೊಹರೂ ಓದದ ಹಾಗೆ ಆ ಸಾಲುಗಳನ್ನು ಎರಡೆರಡು ಸಲ ಓದಿದೆ. ಕೂಗಬೇಕೆಂದೆ. ಆದರೆ ನನಗೆ ಬರುವುದು ಒಂದೇ ಮಾತು. ಕಸ್ತೂರಿ ಕೆಟ್ಟವಳಲ್ಲ, ಎದುರಿಗೆ ಇನ್ನೂರು ಪೊಟ್ಟಣ ರಾಶಿ ಬಿದ್ದಿದ್ದವು. ಉದ್ದ ಬರಹಕ್ಕೆಲ್ಲ ಕಳಿಸಲೆಂದು ನೀಲಕ್ಕನೇ ಬರೆದುಕೊಟ್ಟಿದ್ದ ಉತ್ತರವನ್ನು ಓದದೆ ಕಳಿಸಿದಳು: ‘ನಿಮ್ಮ ಪ್ರೀತಿಗೆ ಶರಣು.’ ಆಮೇಲೆ ನನ್ನನ್ನು ಮಸಿಗೆ ಅದ್ದಿ, ಎರಡು ಪೊಟ್ಟಣಕ್ಕೆ ಎರಡು ಚೀಟಿ ಒತ್ತಿದಳು. ಹೊಟ್ಟಿ ತುಂಬ ಉಣ್ರಿ.

ಆರನೇ ದಿನ ಹಾಸ್ಟೆಲಿನಿಂದ ಫೋನು ಬಂತು. ಬಂದದ್ದು ಕಸ್ತೂರಿಗೆ, ಮನೆಯ ನಂಬರೆಂದು ದಾನಿ ಹಾಸ್ಟೆಲಿನಲ್ಲಿ ಬರೆಸಿದ್ದ ನಂಬರೇ ಈಗ ಕಸ್ತೂರಿಯ ಬಳಿಯಿದ್ದ ಗಿರಾಕಿಗಳ ನಂಬರು. ಕಸ್ತೂರಿ ಹಳೆಯ ಆರ್ಡರುಗಳ ಹಾಳೆ ಎಳೆದು, ದಾನೇಶ್ವರಿ ಎಂಬ ಹೆಸರಿನ ಮೇಲೆ ಬೆರಳಿಟ್ಟು, ಬರೆದದ್ದನ್ನು ಈಗ ಓದಿದಳು. ಕೂಡಲೇ ನೀಲಕ್ಕನಿಗೆ ಹಚ್ಚಿದಳು. “ಅಕ್ಕಾರ... ದಾನೇಶ್ವರಿ ಅಂದ್ರ ನಿಮ್ಮ ದಾನಿ ಏನ್ರೀ?”

ಮೆದುಳಿಗೆ ಏರಿದ ಜ್ವರವಂತೆ. ಜೀವ ಉಳಿಯಿತು. ಕಿವಿ ಎರಡೂ ಹೋದವು.

ಆಸ್ಪತ್ರೆಯಲ್ಲಿ ನಡೆದದ್ದನ್ನು ನೀಲಕ್ಕ ಮುಂದೊಂದು ದಿನ ಕಸ್ತೂರಿಯ ಮುಂದೆ ಹೇಳಿ ಅತ್ತಳು. ದಾನಿ ದಿಂಬಿನ ಕೆಳಗಿನಿಂದ ಎರಡು ಚೀಟಿ ತೆಗೆದು, ಒಂದರ ಮೇಲೊಂದು ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದಳಂತೆ. ಅಕ್ಷರದ ಮೇಲೆ ಅಕ್ಷರ ಕೂತಿತ್ತು. ಕೂದಲೆಳೆಯಷ್ಟೂ ಫರಕಿಲ್ಲ, ಖಾಜಾಸಾಬರು ಸುಳ್ಳು ಹೇಳಿರಲಿಲ್ಲ. ದಾನಿ ಚೀಟಿಗಳನ್ನು ತಾಯಿಯ ಅಂಗೈಯಲ್ಲಿಟ್ಟು ಗೋಡೆಯ ಕಡೆ ಹೊರಳಿದಳು. ಆಮೇಲೆ ಗದಗಿನ ಸೋದರತ್ತೆಯ ಮನೆಗೆ ಹೋದಳು. ತಾಯಿಯನ್ನು ಕಾಣಲು ಒಲ್ಲೆನೆಂದಳು.

ನೀಲಕ್ಕ ಆರ್ಡರು ನಿಲ್ಲಿಸಿದಳು. ನಾನು ತಿರುಗಿ ಅವಳ ಮನೆ ಸೇರಿದೆ. ಈಗ ವಾರದ ಏಳೂ ದಿನ ಐತಾರ. ಫೋನಿನಲ್ಲಿ ಹೇಳೋಣವೆಂದರೆ ಕೇಳಲು ಕಿವಿಯಿಲ್ಲ. ಮೊಬೈಲಿಗೆ ಕಳಿಸಿದ ಮಾತನ್ನು ಮಗಳು ತೆರೆಯುವುದಿಲ್ಲ. ಕಡೆಗೆ ನೀಲಕ್ಕ ಪೆನ್ನು ಹಿಡಿದು ನಾಲ್ಕು ಪುಟ ಬರೆದಳು. ಎಂಟು ದಿನಕ್ಕೆ ಅದೇ ಕಾಗದ ಬೇರೆ ಲಕೋಟೆಯಲ್ಲಿ ತಿರುಗಿ ಬಂತು. ಕೆಳಗೆ ದಾನಿಯ ಒಂದೇ ಸಾಲು:

‘ಇದೂ ಶಿಕ್ಕಾ ಏನು?’

ನೀಲಕ್ಕ ನನ್ನನ್ನು ಕೈಗೆತ್ತಿಕೊಂಡಳು. ಒಲೆಗೆ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ನನ್ನನ್ನು ಒಂದು ಹಾಳೆಯ ಮೇಲೆ ಒತ್ತಿದಳು, ಪಕ್ಕದಲ್ಲಿ ತನ್ನ ಕೈಯಿಂದ ಅದನ್ನೇ ಬರೆದಳು, ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದಳು, ಫರಕ ಸಿಗಲಿಲ್ಲ. ಆಮೇಲೆ ಪೆನ್ನನ್ನು ಎಡಗೈಗೆ ಬದಲಿಸಿಕೊಂಡಳು.

ಅಂಥ ಬರಹವನ್ನು ನಾನು ಕಂಡೇ ಇರಲಿಲ್ಲ. ಮಳೆಯಲ್ಲಿ ನೆಂದ ಕೋಳಿ ನಡೆದಂತೆ ಅಕ್ಷರ. ‘ದಾನಿ, ಇದು ನನ್ನ ಎಡಗೈ.’ ಇಷ್ಟು ಬರೆಯಲು ಅರ್ಧ ತಾಸು. ಒಂದು ‘ನ’ ಇದ್ದಂತೆ ಇನ್ನೊಂದಿಲ್ಲ. ಒಂದು ಪತ್ರ ಮುಗಿಸಲು ಬೆಳಗಿನಿಂದ ಮಧ್ಯಾಹ್ನ.

ನನಗೀಗ ವಯಸ್ಸಾಗಿದೆ. ರಬ್ಬರು ಬಿರಿದಿದೆ, ಮಸಿ ಕಂಡು ಎರಡು ವರ್ಷವಾಯಿತು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮೂಲೆಯ ಮೇಲೆ ಕೂರುವುದೇ ನನ್ನ ನೌಕರಿ. ಕೋಟಿ ಚೀಟಿ ಬರೆದವನು ನಾನು. ಕೋಟಿ ಹೆಚ್ಚಾಯಿತೆಂದರೆ ಲಕ್ಷ ಅನ್ನಿ. ಹೋಗಲಿ, ಎಷ್ಟಾದರೂ ಆಗಲಿ. ಅದರಲ್ಲಿ ಎರಡನ್ನು ಬರೆಯದಿದ್ದರೆ ಚೆನ್ನಾಗಿತ್ತು.

ಇವತ್ತು ನನ್ನ ಕೆಳಗಿರುವುದು ಎಡಗೈಯ ಇಪ್ಪತ್ತಮೂರನೆಯ ಪತ್ರ. ಹಿಂದಿನ ಇಪ್ಪತ್ತೆರಡಕ್ಕೂ ಉತ್ತರ ಬಂದಿಲ್ಲ.

ಆದರೆ ಒಂದೂ ತಿರುಗಿ ಬಂದಿಲ್ಲ.