ಮಹಬೂಲಾದಲ್ಲಿ ಓಡಿದವರು

ಶುಕ್ರವಾರ ಮಧ್ಯಾಹ್ನ ಸುಕೇಶ ಫಹಾಹೀಲಿನ ಮಾರ್ಕೆಟ್ಟಿಗೆ ಹೋದಾಗ ಅಂಗಡಿಯ ಅಹ್ಮದ್ ಕುಂಞಿ ಅವನನ್ನು ಅಕ್ಕಿ ಚೀಲಗಳ ಹಿಂದಕ್ಕೆ ಎಳೆದುಕೊಂಡು ಹೋದರು.

"ಎಂತ ಮಾಡಿ ಹಾಕಿದ್ದು ಮಾರಾಯ ನೀನು? ಮಹಬೂಲಾದಲ್ಲಿ ನಿನ್ನ ಬಿಲ್ಡಿಂಗಿನಿಂದ ನಾನೂರು ಜನ ಓಡಿದರಂತೆ. ನಿನ್ನ ರೇಡಿಯೋ ನಾಟಕ ಕೇಳಿ!"

ಅದು ೨೦೦೩ರ ಮಾರ್ಚ್. ಅವರು ದುಡಿಯುತ್ತಿದ್ದ ಕೊಲ್ಲಿ ದೇಶದ ಗಡಿಯಾಚೆ ಯುದ್ಧ ಇಂದೋ ನಾಳೆಯೋ ಎನ್ನುವಂತಿತ್ತು. ಜನ ವಿಷಾನಿಲಕ್ಕೆ ಹೆದರಿ ಕಿಟಕಿಗಳಿಗೆ ಟೇಪು ಅಂಟಿಸುತ್ತಿದ್ದರು. ಆ ನಾಟಕವನ್ನು ಅವನು ಬರೆದದ್ದು ಏಳು ವರ್ಷಗಳ ಹಿಂದೆ, ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ. ರೇಡಿಯೋದಲ್ಲಿ ಹಾಡು ಬರುತ್ತಿರುವಾಗ ವಾರ್ತೆ ಓದುವವನು ನಡುವೆ ನುಗ್ಗಿ, ಒಡೆದ ಹಡಗಿನಿಂದ ವಿಷಾನಿಲ ದಡದತ್ತ ಬರುತ್ತಿದೆ ಎಂದು ಸಾರುತ್ತಾನೆ. ಆ ದನಿ ಸುಕೇಶನದೇ. ಅವತ್ತು ಜನ ನಕ್ಕು ಚಪ್ಪಾಳೆ ತಟ್ಟಿದ್ದರು. ಕ್ಯಾಸೆಟ್ಟು ಮೂರನೇ ಮಹಡಿಯ ಸ್ಟ್ಯಾನಿಯ ಹತ್ತಿರ ಉಳಿದಿತ್ತು. ಇಂದು ಬೆಳಿಗ್ಗೆ ಮೀನು ಹುರಿಯುತ್ತಾ ಅವನು ಅದನ್ನು ಜೋರಾಗಿ ಹಾಕಿದ್ದ; ಹೊರಗೆ ಹೊರಡುವಾಗ ಸುಕೇಶನ ಕಿವಿಗೂ ಬಿದ್ದಿತ್ತು.

ಅಷ್ಟರಲ್ಲಿ ಫೋನು ಬಂತು. ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಮಂದೂಬ್. ನಾಳೆ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಬಾ, ಕ್ಯಾಸೆಟ್ಟು ತೆಗೆದುಕೊಂಡು ಬಾ. ಯಾರಾದರೂ ಓಡಿದ್ದು ನಿಜವಾದರೆ ಇಕಾಮಾ ಖಲಾಸ್, ಇಲ್ಲಿ ಇರುವ ಪರವಾನಗಿಯೇ ರದ್ದು.

ಸುಕೇಶ ಸಾಮಾನು ಅಲ್ಲೇ ಬಿಟ್ಟು ಬಸ್ಸು ಹಿಡಿದ.

ಬಿಲ್ಡಿಂಗಿನ ಬಾಗಿಲಲ್ಲಿ ಕೂತಿದ್ದ ಈಜಿಪ್ಟಿನ ಕಾವಲುಗಾರನನ್ನು ಕೇಳಿದರೆ ಅವನಿಗೆ ನಾಟಕದ ಸುದ್ದಿಯೇ ಗೊತ್ತಿಲ್ಲ. ಒಂದನೇ ಮಹಡಿಯ ಬಂಗಾಳಿಗಳಿಗೆ ಕನ್ನಡ ಬಾರದು. ಎರಡನೆಯದರಲ್ಲಿ ಉಮ್ಮರಬ್ಬ ತಲೆಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ.

"ಜನ ಇಳಿದದ್ದು ಹೌದು. ನೀರಿನ ವ್ಯಾನು ಬಂದಿತ್ತಲ್ಲ! ಯುದ್ಧ ಆದ್ರೆ ನೀರು ಸಿಗ್ಲಿಕ್ಕಿಲ್ಲ ಅಂತ ಎಲ್ಲರೂ ಕಾರ್ಟನಿಗೆ ಓಡಿದ್ದು. ನಾನೂ ಎರಡು ತಂದೆ."

"ನಾಟಕ ಕೇಳಿಸ್ಲಿಲ್ವಾ?"

"ಕೇಳಿಸಿತು. ನಿನ್ನ ಸ್ವರ ನನಗೆ ಗೊತ್ತಿಲ್ವಾ?"

ಸುಕೇಶನಿಗೆ ಉಸಿರು ಬಂತು. ನಾನೂರು ಜನರೂ ನೀರಿನ ಕಾರ್ಟನಿಗಾಗಿ ಇಳಿದವರು. ದಾರಿಹೋಕ ಯಾರೋ ಗುಂಪನ್ನು ನೋಡಿ, ಮೇಲಿನ ದನಿ ಕೇಳಿ, ಎರಡಕ್ಕೂ ಗಂಟು ಹಾಕಿದ್ದಾನೆ. ಹೊರಡುವಾಗ ಉಮ್ಮರಬ್ಬ ಹೇಳಿದ: "ಆ ನೂಕಾಟದಲ್ಲಿ ಪಾಪ, ಐದನೇ ಮಹಡಿಯ ಪುಷ್ಪಾವತಿ ಅಕ್ಕ ಬಿದ್ದು ಕೈ ಮುರ್ಕೊಂಡ್ರು."

ಪುಷ್ಪಾವತಿ ಮಂಚದ ಮೇಲೆ ಕೂತಿದ್ದರು, ಎಡಗೈಗೆ ಪ್ಲಾಸ್ಟರ್. ಗಂಡ ಮೀನಾ ಅಬ್ದುಲ್ಲಾದ ತೈಲ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದರು. ಸುಕೇಶನನ್ನು ಕಂಡದ್ದೇ ಮುಖ ತಿರುಗಿಸಿದರು.

"ನೀರಿನ ವ್ಯಾನಿಗೆ ಓಡಿ ಬಿದ್ದದ್ದಾ ಅಕ್ಕ?"

"ನೀರು ನಮ್ಮಲ್ಲಿ ಬೇಕಾದಷ್ಟು ಉಂಟು," ಎಂದರು. "ತೊಂಬತ್ತರಲ್ಲಿ ಇಲ್ಲೇ ಇದ್ದೆವು. ಸೈನ್ಯ ಗಡಿ ದಾಟಿ ಬರ್ತಾ ಉಂಟು ಅಂತ ರೇಡಿಯೋದಲ್ಲಿ ಹೇಳಿದಾಗ ಇವರು ನಂಬ್ಲಿಲ್ಲ, ನಾಳೆ ನೋಡುವ ಅಂದ್ರು. ಆಮೇಲೆ ಮರುಭೂಮಿಯಲ್ಲಿ ಹದಿನೆಂಟು ದಿನ, ಕೈಯಲ್ಲಿ ಆರು ತಿಂಗಳ ಮಗು. ಇವತ್ತು ಮಲಗಿದ್ದೆ. ಗ್ಯಾಸ್ ಬರ್ತಾ ಉಂಟು ಅಂತ ಕನ್ನಡದಲ್ಲಿ ಕೇಳಿಸಿತು. ಯಾರ ಸ್ವರ ಅಂತ ಯೋಚನೆ ಮಾಡ್ಲಿಕ್ಕೆ ಬುದ್ಧಿ ಎಲ್ಲಿತ್ತು? ಮೆಟ್ಟಿಲು ಇಳಿಯುವಾಗ ಕಾಲಲ್ಲಿ ಚಪ್ಪಲಿ ಇರ್ಲಿಲ್ಲ."

ನಾಳೆ ಎಂಟಕ್ಕೆ ಮಂದೂಬ್ ಕರೆದಿದ್ದಾನೆ ಎಂದು ಸುಕೇಶ ಹೇಳಿದ.

"ಅಲ್ಲಿ ಹೋಗಿ ಇದೆಲ್ಲ ಹೇಳ್ಬೇಡ. ನಿನ್ನನ್ನು ಊರಿಗೆ ಕಳಿಸಿದ್ರೆ ನನ್ನ ಕೈ ಸರಿಯಾಗ್ತದಾ?"

ಮರುದಿನ ಮಂದೂಬ್, ಸುಕೇಶ ಸ್ಟ್ಯಾನಿಯಿಂದ ತಂದ ಕ್ಯಾಸೆಟ್ಟನ್ನು ಮೇಜಿನ ಮೇಲೆ ಇರಿಸಿಕೊಂಡು ಹಿಂದಿಯಲ್ಲಿ ವಿಚಾರಿಸಿದ. ಸುಕೇಶ ನೀರಿನ ವ್ಯಾನಿನ ವಿಷಯ ಹೇಳಿದ. ಮಂದೂಬ್‌ಗೆ ಅದು ಮೊದಲೇ ತಿಳಿದಿತ್ತು. ಕಾವಲುಗಾರನನ್ನು ಅವನೂ ಕೇಳಿದ್ದ. ಹಾಗಾದರೆ ನಾಟಕ ಕೇಳಿ ಯಾರೂ ಓಡಲಿಲ್ಲ, ಅಷ್ಟೇ ತಾನೆ? ಪೆನ್ನು ಕಾಗದದ ಮೇಲೆ ನಿಂತಿತ್ತು. ಹೌದು ಎಂದರೆ ಎದ್ದು ಬರಬಹುದಿತ್ತು. ಬರಿಗಾಲಲ್ಲಿ ಐದು ಮಹಡಿ ಇಳಿದವರನ್ನು ಇಲ್ಲ ಎನ್ನಲು ಸುಕೇಶನ ನಾಲಿಗೆ ಹೊರಳಲಿಲ್ಲ.

"ಏಕ್," ಎಂದ. "ಒಬ್ಬರು ಓಡಿದರು. ಹೆಸರು ಹೇಳುವುದಿಲ್ಲ."

ಮಂದೂಬ್ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಕ್ಯಾಸೆಟ್ಟಿನ ರೀಲು ಎಳೆದು ಕಸದ ಡಬ್ಬಿಗೆ ಹಾಕಿದ. ಸುಕೇಶನ ಗುರುತಿನ ಚೀಟಿ, ಸಿವಿಲ್ ಐಡಿ, ಇಟ್ಟುಕೊಂಡು, ಕರೆದಾಗ ಬಾ ಎಂದ. ಐದು ದಿನ ಸುಕೇಶ ಫೋನು ಸದ್ದಾದಾಗಲೆಲ್ಲ ಬೆಚ್ಚಿದ. ಊರಿಗೆಂದು ಪೆಟ್ಟಿಗೆಯನ್ನೂ ಕಟ್ಟಿಟ್ಟ.

ಗುರುವಾರ ಯುದ್ಧ ಶುರುವಾಯಿತು. ಮಧ್ಯಾಹ್ನ ಸೈರನ್ ಕೂಗಿದಾಗ ಸುಕೇಶ ಮೆಟ್ಟಿಲು ಹತ್ತಿ ಐದನೇ ಮಹಡಿಗೆ ಓಡಿದ. ಪುಷ್ಪಾವತಿ ಬಾಗಿಲಲ್ಲೇ ನಿಂತಿದ್ದರು, ಹೊಸಿಲು ದಾಟಲೂ ಆಗದೆ, ಒಳಗೆ ಹೋಗಲೂ ಆಗದೆ.

"ಇದು ನಿಜವಾ ಸುಕೇಶ?"

"ನಿಜ ಅಕ್ಕ. ಒಳಗೆ ಬನ್ನಿ."

ಕಿಟಕಿಯಿಲ್ಲದ ಬಚ್ಚಲಿಗೆ ಅವರನ್ನು ಕರೆದುಕೊಂಡು ಹೋಗಿ, ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದ. ಇಬ್ಬರೂ ಬಕೆಟ್ಟುಗಳನ್ನು ಮಗುಚಿ ಕೂತರು. ಹೊರಗೆ ಕೂಗು ನಿಲ್ಲುವವರೆಗೂ ಪುಷ್ಪಾವತಿ ಸರಿಯಿದ್ದ ಕೈಯಿಂದ ಅವನ ಅಂಗಿಯ ತೋಳನ್ನು ಹಿಡಿದಿದ್ದರು.

ಸಿವಿಲ್ ಐಡಿ ಮುಂದಿನ ವಾರ ಕಂಪನಿಯ ಡ್ರೈವರನ ಕೈಯಲ್ಲಿ ವಾಪಸು ಬಂತು, ಮಾತಿಲ್ಲದೆ. ಯುದ್ಧದ ಗಲಾಟೆಯಲ್ಲಿ ಆ ವಿಚಾರಣೆ ಯಾರಿಗೂ ಬೇಡವಾಗಿತ್ತು. ನಾನೂರು ಜನರ ಕಥೆಯನ್ನು ಸಂಘದವರು ಈಗಲೂ ನಗುತ್ತಾ ಹೇಳುತ್ತಾರೆ. ಸುಕೇಶ ಇದ್ದರೆ, "ನಾನೂರಲ್ಲ, ಒಬ್ಬರು," ಎನ್ನುತ್ತಾನೆ. ಅವನು ತಮಾಷೆ ಮಾಡುತ್ತಿದ್ದಾನೆಂದು ಅವರು ಇನ್ನಷ್ಟು ನಗುತ್ತಾರೆ.